ಬೆಂಚಿಗೂ ಕುರ್ಚಿಗೂ ನಡುವೆ

ಆ ಮನುಷ್ಯನ ನೆನಪಾದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಸತ್ತವರ ಬಗ್ಗೆ ಹೀಗೆಲ್ಲ ಬರೆಯಬಾರದು ಅಂತ ನನ್ನ ತಂಗಿ ಹೇಳುತ್ತಾಳೆ. ಅವಳಿಗೇನು, ಅವಳು ಒಂದು ದಿನವೂ ಅವರ ತೋಳಿಗೆ ಬಿಪಿ ಪಟ್ಟಿ ಸುತ್ತಿದವಳಲ್ಲ. ಸುತ್ತಿದ್ದರೆ ನನಗಿಂತ ಮೊದಲು ಅವಳೇ ಬರೆಯುತ್ತಿದ್ದಳು, ಇನ್ನೂ ಖಾರವಾಗಿ.

ಹೆಸರು ಹೇಳುವುದಿಲ್ಲ. ಅವರ ಮನೆಯವರು ಈಗಲೂ ವಿಜಯನಗರದಲ್ಲೇ ಇದ್ದಾರೆ. ಮಾರ್ಕೆಟ್ಟಿನಲ್ಲಿ ಸಿಕ್ಕಾಗ "ಚೆನ್ನಾಗಿದ್ದೀರಾ ಸಿಸ್ಟರ್" ಅಂತ ನಿಂತು ಮಾತಾಡಿಸುತ್ತಾರೆ. ಅದನ್ನು ಕಳೆದುಕೊಳ್ಳುವ ಮನಸ್ಸು ನನಗಿಲ್ಲ. ಚಾರ್ಜ್‌ಮನ್ ಅಂತಲೇ ಕರೆಯುತ್ತೇನೆ. ಅಪ್ಪ ಅಮ್ಮ ಇಟ್ಟ ಹೆಸರಿಗಿಂತ ಅವರಿಗೂ ಅದೇ ಹೆಚ್ಚು ಇಷ್ಟವಾಗಿತ್ತು.

ಎಂಬತ್ತರ ದಶಕದಲ್ಲಿ ನಾನು ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಕಾರ್ಖಾನೆಯಲ್ಲಿ ನರ್ಸಾಗಿದ್ದೆ. ಡಿಸ್ಪೆನ್ಸರಿ ಅಂದರೆ ಒಂದೇ ಕೋಣೆ. ಮಧ್ಯಾಹ್ನದ ಮೇಲೆ ಡಾಕ್ಟ್ರಮ್ಮ ಬರುತ್ತಿದ್ದರು, ಉಳಿದ ಹೊತ್ತೆಲ್ಲ ನನ್ನದೇ ರಾಜ್ಯ. ಹೊರಗೆ ಹೊಂಗೆ ಮರದ ಕೆಳಗೆ ಉದ್ದನೆಯ ಮರದ ಬೆಂಚು, ಒಳಗೆ ಮೇಜಿನ ಎದುರು ಬೆತ್ತದ ಕುರ್ಚಿ. ಕಾರ್ಮಿಕರು ಬಂದರೆ ಬೆಂಚಿನ ಮೇಲೆ ಕೂರುತ್ತಿದ್ದರು, ನಾನು ಬಿಪಿ ಪೆಟ್ಟಿಗೆ ಎತ್ತಿಕೊಂಡು ಹೊರಗೆ ಹೋಗುತ್ತಿದ್ದೆ. ಸಾಹೇಬರು, ಆಫೀಸಿನವರು ಬಂದರೆ ಸೀದಾ ಒಳಗೆ ಬಂದು ಕುರ್ಚಿಯಲ್ಲಿ ಕೂರುತ್ತಿದ್ದರು. ಹೀಗೆ ಮಾಡಿ ಅಂತ ಯಾರೂ ಎಲ್ಲೂ ಬರೆದಿರಲಿಲ್ಲ. ಹೊಸದಾಗಿ ಸೇರಿದವನಿಗೆ ಟೈಂ ಕಾರ್ಡ್ ಎಲ್ಲಿ ಗುದ್ದಬೇಕು ಅಂತ ಎರಡು ಸಲ ಹೇಳಬೇಕಾಗುತ್ತಿತ್ತು, ಇದನ್ನು ಮಾತ್ರ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಅವರನ್ನು ನಾನು ಮೊದಲು ಕಂಡದ್ದು ಬೆಂಚಿನ ಮೇಲೆ. ಆಗ ಅವರು ಕಬ್ಬಿಣ ಕಡೆಯುವ ಲೇತ್ ಮೆಷಿನ್ ಓಡಿಸುವ ಟರ್ನರ್. ದೊಡ್ಡ ಮೈ, ದೊಡ್ಡ ದನಿ. ಬೆರಳು ಕೊಯ್ದುಕೊಂಡು ಬಂದರೂ ಬೆಂಚಿನಲ್ಲಿದ್ದವರನ್ನೆಲ್ಲ ನಗಿಸುತ್ತಾ ಕೂತಿರುತ್ತಿದ್ದರು. ಟಿಂಚರ್ ಹಚ್ಚಿದಾಗ ಉರಿಗೆ ಹಾಡು ಶುರುಮಾಡುತ್ತಿದ್ದರು. ಒಳಗಿನಿಂದ ಡಾಕ್ಟ್ರಮ್ಮ "ಯಾರ್ರೀ ಅದು?" ಅಂದರೆ, "ನಿಮ್ ಔಷಧಿನೇ ಹಾಡ್ತಿರೋದು ಡಾಕ್ಟ್ರಮ್ಮಾ" ಅನ್ನುತ್ತಿದ್ದರು. ಅವರದೊಂದು ಮಾತಿತ್ತು: "ಮೈಗೆ ಕೆಲಸ ಕೊಟ್ರೆ ಮೈ ಸುಮ್ನಿರತ್ತೆ ಸಿಸ್ಟರ್." ಅವರ ಮಟ್ಟಿಗೆ ಅದು ನಿಜವಾಗಿತ್ತು. ನಲವತ್ತು ದಾಟಿದ ಆ ಮನುಷ್ಯನ ಬಿಪಿ ಆಗ ಇಪ್ಪತ್ತರ ಹುಡುಗನದರ ಹಾಗಿತ್ತು.

ಮಧ್ಯಾಹ್ನ ಕಾರ್ಮಿಕರ ಹಾಲಿನಲ್ಲಿ ಗೆಳೆಯ ಮರಿಯಪ್ಪನ ಎದುರು ಕೂತು ಊಟ. ಮರಿಯಪ್ಪ ಗ್ರೈಂಡಿಂಗ್ ಸೆಕ್ಷನ್ನಿನವರು. ಇಬ್ಬರೂ ಒಟ್ಟಿಗೆ ಕೆಲಸಕ್ಕೆ ಸೇರಿದವರು, ಒಂದೇ ಬೀಡಿಯನ್ನು ಇಬ್ಬರೂ ಸೇದುವಷ್ಟು ಸ್ನೇಹ. ಒಬ್ಬರ ತಟ್ಟೆಯ ಮುದ್ದೆಗೆ ಇನ್ನೊಬ್ಬರು ಕೈ ಹಾಕುವುದನ್ನು ನಾನೇ ಕಿಟಕಿಯಿಂದ ಎಷ್ಟೋ ಸಲ ನೋಡಿದ್ದೇನೆ.

ಆಮೇಲೆ ಅವರಿಗೆ ಬಡ್ತಿ ಬಂತು. ಚಾರ್ಜ್‌ಮನ್ ಅಂದರೆ ಒಂದು ಸೆಕ್ಷನ್ನಿನ ಮೇಲ್ವಿಚಾರಕ. ಕಾರ್ಮಿಕರಿಗೆಲ್ಲ ದೊಡ್ಡವನು, ಸಾಹೇಬರಿಗೆಲ್ಲ ಚಿಕ್ಕವನು. ಅವರೇ ಲಾಡು ಹಿಡಿದುಕೊಂಡು ಬಂದು ಕೊಟ್ಟರು. ನೀಲಿ ಅಂಗಿ ಹೋಗಿ ಬಿಳಿ ಅಂಗಿ ಬಂದಿತ್ತು, ಜೇಬಿನಲ್ಲಿ ಪೆನ್ನು. ನನಗೂ ನಿಜವಾಗಿ ಸಂತೋಷವಾಯಿತು. ಇಂಥವರಿಗೆ ಸಿಗದೆ ಇನ್ಯಾರಿಗೆ ಸಿಗಬೇಕು ಅಂದುಕೊಂಡು ಲಾಡು ತಿಂದೆ.

ನಮ್ಮ ಕ್ಯಾಂಟೀನಿನ ವಿಷಯ ಹೇಳಬೇಕು. ಕಾರ್ಮಿಕರ ಹಾಲಿನ ಕೊನೆಯಲ್ಲಿ ಎದೆಮಟ್ಟದ ಒಂದು ಹಲಗೆಯ ಗೋಡೆ. ಅದರ ಆ ಕಡೆ ಸ್ಟಾಫ್. ಹುಳಿ ಒಂದೇ ಹಂಡೆಯದು, ಅನ್ನ ಒಂದೇ ಒಲೆಯದು. ಈ ಕಡೆ ಸಿಮೆಂಟು ಬೆಂಚು, ಸ್ಟೀಲ್ ಲೋಟ. ಆ ಕಡೆ ಕುರ್ಚಿ, ಕಪ್ಪು-ಸಾಸರ್ರು. ಸ್ಟಾಫಿನವರು ಕೇಳುವುದಿಲ್ಲ ಅಂತ ಆ ಕಡೆಗೆ ಮುದ್ದೆ ಹೋಗುತ್ತಿರಲಿಲ್ಲ. ನಮ್ಮ ಚಾರ್ಜ್‌ಮನ್ನರು ಹಲಗೆ ದಾಟಿದರು. ಅಲ್ಲಿದ್ದವರು ಡಿಪ್ಲೊಮಾ ಮುಗಿಸಿ ಬಂದ ಚಿಕ್ಕ ವಯಸ್ಸಿನವರು, ಲೆಕ್ಕಪತ್ರದವರು. ಯಾರೂ ಇವರನ್ನು ಹೋಗು ಅನ್ನಲಿಲ್ಲ, ಬಾ ಅಂತಲೂ ಅನ್ನಲಿಲ್ಲ. ಅವರು ಕ್ರಿಕೆಟ್ಟು, ಸೈಟು, ಸ್ಕೂಟರಿನ ಬುಕಿಂಗು ಅಂತ ಅರ್ಧ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದರೆ ಇವರು ಗೋಡೆಯ ಕಡೆ ಮುಖ ಮಾಡಿ ಚಮಚದಲ್ಲಿ ಅನ್ನ ಎತ್ತುತ್ತಿದ್ದರು. ಕೈಯಲ್ಲಿ ತಿನ್ರೀ, ಯಾರು ಬೇಡ ಅಂದರು? ಕೇಳಿದರೆ, "ಅಲ್ಲಿ ಯಾರೂ ತಿನ್ನಲ್ಲ ಸಿಸ್ಟರ್" ಅನ್ನುತ್ತಿದ್ದರು.

ಹಲಗೆಯ ಈ ಕಡೆಯ ಕಥೆಯೂ ಅಷ್ಟೇ. ಇವರು ಹತ್ತಿರ ಬಂದರೆ ಮಾತು ನಿಲ್ಲುತ್ತಿತ್ತು. ಮೊದಲು ಇವರನ್ನು "ಸಾರ್" ಅಂತ ಕರೆದದ್ದು ಯಾರು ಗೊತ್ತೇ? ಮರಿಯಪ್ಪ. ತಮಾಷೆಗಲ್ಲ. ಹತ್ತು ಜನರ ಎದುರು ಚಾರ್ಜ್‌ಮನ್ನನ್ನು "ಏನೋ" ಅಂತ ಕರೆಯುವುದು ಸರಿಯಲ್ಲ ಅಂತ ಅವರಿಗೆ ಅನಿಸಿತ್ತು. ಗೆಳೆಯನಿಗೆ ಮರ್ಯಾದೆ ಕೊಟ್ಟೆ ಅಂದುಕೊಂಡಿದ್ದರು ಪಾಪ. ಇವರು ಬೀಡಿ ಬಿಟ್ಟು ಸಿಗರೇಟು ಹಿಡಿದರು. ಬೀಡಿಯನ್ನಾದರೂ ಅರ್ಧ ಸೇದಿ ಕೊಡುತ್ತಿದ್ದರು, ಸಿಗರೇಟನ್ನು ಶೆಡ್ಡಿನ ಹಿಂದೆ ನಿಂತು ಒಬ್ಬರೇ ಪೂರ್ತಿ ಸೇದುತ್ತಿದ್ದರು.

ಕೆಲವು ತಿಂಗಳು ಕಳೆದ ಮೇಲೆ ಒಂದು ದಿನ ಡಿಸ್ಪೆನ್ಸರಿ ಬಾಗಿಲಲ್ಲಿ ಬಂದು ನಿಂತರು. ಹೊಟ್ಟೆ ಉರಿ, ನಿದ್ದೆ ಇಲ್ಲ, ತಲೆಯ ಹಿಂದೆ ನೋವು.

"ಕೂತ್ಕೊಳ್ಳಿ, ಬಿಪಿ ನೋಡ್ತೀನಿ."

ಅವರು ಹೊರಗಿನ ಬೆಂಚು ನೋಡಿದರು. ಅಲ್ಲಿ ಅವರದೇ ಸೆಕ್ಷನ್ನಿನ ಇಬ್ಬರು ಕೂತಿದ್ದರು. ಇವರನ್ನು ನೋಡಿ ಎದ್ದು ನಿಂತುಬಿಟ್ಟರು. ಒಳಗಿನ ಬೆತ್ತದ ಕುರ್ಚಿ ನೋಡಿದರು. ಅದು ಖಾಲಿಯೇ ಇತ್ತು.

"ಪರವಾಗಿಲ್ಲ ಸಿಸ್ಟರ್, ನಿಂತಿರ್ತೀನಿ."

"ನಿಂತ್ಕೊಂಡು ಬಿಪಿ ನೋಡೋಕಾಗಲ್ಲ ಕಣ್ರೀ. ಆ ಕುರ್ಚಿಲಿ ಕೂರಿ."

"ಅದು ಸಾಹೇಬ್ರು ಕೂರೋದು. ಯಾರಾದ್ರೂ ಬಂದ್ರೆ ಮತ್ತೆ ಏಳ್ಬೇಕು."

"ಹಾಗಾದ್ರೆ ಬೆಂಚಲ್ಲಿ ಕೂರಿ."

"ಬೆಂಚಲ್ಲಾ?" ಅಂದರು. ನಾನು ಅವರಿಗೆ ಬೈದೆ ಅನ್ನುವ ಹಾಗೆ ನನ್ನ ಮುಖ ನೋಡಿದರು.

ಕೊನೆಗೆ ಅವರು ಬಾಗಿಲ ಚೌಕಟ್ಟಿಗೆ ಒರಗಿ ನಿಂತು ತೋಳು ಚಾಚಿದರು. ನಾನು ಪೆಟ್ಟಿಗೆಯನ್ನು ಔಷಧಿ ಬೀರುವಿನ ಮೇಲಿಟ್ಟು, ನನ್ನ ಜನ್ಮದಲ್ಲಿ ಮೊದಲ ಸಲ, ನಿಂತವರ ಬಿಪಿ ನಿಂತುಕೊಂಡೇ ನೋಡಿದೆ. ಪಾದರಸ ಏರಿದ್ದನ್ನು ನೋಡಿ ನನಗೆ ನಂಬಿಕೆ ಬರಲಿಲ್ಲ. ಇನ್ನೊಮ್ಮೆ ನೋಡಿದೆ. ಡಾಕ್ಟ್ರಮ್ಮ ಬಂದ ಮೇಲೆ ಬಲವಂತವಾಗಿ ಕೂರಿಸಿ ನೋಡಿದರೆ ಇನ್ನೂ ಮೇಲೆ ಹೋಗಿತ್ತು. ಆ ಕುರ್ಚಿಯ ತುದಿಯಲ್ಲಿ ಅವರು ಕೂತಿದ್ದ ರೀತಿ ನೋಡಿದರೆ ಹೋಗದೆ ಏನು.

ಮಾತ್ರೆ ಕೊಟ್ಟರು. ಅದನ್ನಾದರೂ ಸರಿಯಾಗಿ ನುಂಗಿದರೇ? ಮಧ್ಯಾಹ್ನದ ಮಾತ್ರೆಯನ್ನು ಊಟವಾದ ಮೇಲೆ ತೆಗೆದುಕೊಳ್ಳಬೇಕು. ಸ್ಟಾಫಿನವರ ಎದುರು ಮಾತ್ರೆ ನುಂಗಿದರೆ, ಇವನಿಗೆ ಈ ಕೆಲಸ ಮಾಡುವ ತಾಕತ್ತಿಲ್ಲ ಅಂದುಕೊಳ್ಳುತ್ತಾರಂತೆ. ಕಾರ್ಮಿಕರ ಎದುರು ನುಂಗಿದರೆ ಅವರು ಒಳಗೊಳಗೇ ಖುಷಿಪಡುತ್ತಾರಂತೆ. ಹೀಗಾಗಿ ಮಾತ್ರೆ ಜೇಬಿನಲ್ಲೇ ಪುಡಿಯಾಗುತ್ತಿತ್ತು. ಅಲ್ಲ, ಬಿಪಿಯೇನು ಹಲಗೆ ಗೋಡೆ ನೋಡಿಕೊಂಡು ಏರುತ್ತದೆಯೇ ಅಂತ ರೇಗುತ್ತಿದ್ದೆ. ಈಗ ಅನಿಸುತ್ತದೆ, ಅವರ ವಿಷಯದಲ್ಲಿ ಅದು ಹಾಗೇ ಏರುತ್ತಿತ್ತು.

ಕಾರ್ಖಾನೆಯ ಬಸ್ಸಿನಲ್ಲೂ ಇದೇ ರಾಮಾಯಣ. ರಾಜಾಜಿನಗರದಿಂದ ವಿಜಯನಗರಕ್ಕೆ ನಾವು ಒಂದೇ ಬಸ್ಸು. ಮುಂದಿನ ಸೀಟುಗಳು ಸ್ಟಾಫಿನವು, ಹಿಂದಿನವು ಕಾರ್ಮಿಕರವು. ಡ್ರೈವರ್ ಹಿಂದಿನ ಒಂದು ಸೀಟು ಹೆಂಗಸರದು, ಅಂದರೆ ನನ್ನದು. ನಮ್ಮ ಚಾರ್ಜ್‌ಮನ್ನರು ನಡುವಿನ ಕಂಬ ಹಿಡಿದು ನಿಲ್ಲುತ್ತಿದ್ದರು. ಮುಂದೆ ಸೀಟು ಖಾಲಿ ಇದ್ದರೂ ನಿಲ್ಲುತ್ತಿದ್ದರು, ಹಿಂದೆ ಖಾಲಿ ಇದ್ದರೂ ನಿಲ್ಲುತ್ತಿದ್ದರು. ದಿನಾ ಸಂಜೆ ನಾನು ತಿರುಗಿ ನೋಡಿ ಹುಬ್ಬು ಹಾರಿಸಿದರೆ, ಅವರು ತಲೆ ಅಲ್ಲಾಡಿಸಿ ಕಿಟಕಿಯಾಚೆ ನೋಡುತ್ತಿದ್ದರು.

ಚಾರ್ಜ್‌ಮನ್ ಆದ ವರ್ಷದ ಆಯುಧ ಪೂಜೆಯ ಕಥೆಯನ್ನು ಕಾರ್ಖಾನೆಯವರೆಲ್ಲ ಹೇಳಿಕೊಂಡು ನಗುತ್ತಿದ್ದರು. ನಾನೂ ನಕ್ಕಿದ್ದೇನೆ. ಆ ದಿನ ಪ್ರತಿಯೊಬ್ಬರೂ ತಮ್ಮ ತಮ್ಮ ಮೆಷಿನ್ನನ್ನು ಸೀಮೆಎಣ್ಣೆ ಹಾಕಿ ಒರೆಸಿ, ಚೆಂಡುಹೂವಿನ ಹಾರ ಹಾಕಿ, ಅರಿಶಿನ ಕುಂಕುಮ ಇಟ್ಟು ಕಾಯಿ ಒಡೆಯುವುದು ಪದ್ಧತಿ. ಪೂಜೆಯಾದ ಮೇಲೆ ಆ ದಿನ ಅದನ್ನು ಮುಟ್ಟುವಂತಿಲ್ಲ. ನಾನೂ ಬಿಪಿ ಪೆಟ್ಟಿಗೆಗೆ, ಕತ್ತರಿಗೆ ಕುಂಕುಮ ಇಡುತ್ತಿದ್ದೆ. ಇವರು ಬುಟ್ಟಿ ತುಂಬಾ ಹೂವು ತಂದಿದ್ದರು. ಅಭ್ಯಾಸಬಲದಿಂದ ತಮ್ಮ ಹಳೆಯ ಲೇತಿನ ಹತ್ತಿರ ಹೋದರು. ಅದಕ್ಕೆ ಆಗಲೇ ಬೇರೆಯವನು ಹಾರ ಹಾಕಿಯಾಗಿತ್ತು. ಇಡೀ ಶೆಡ್ಡಿನಲ್ಲಿ ಎಲ್ಲರಿಗೂ ಒಂದೊಂದು ಮೆಷಿನ್ನು, ಇವರೊಬ್ಬರಿಗೇ ಇಲ್ಲ. ಹೂವಿನ ಬುಟ್ಟಿ ಹಿಡಿದು ಎಷ್ಟು ಹೊತ್ತು ಅಂತ ನಿಲ್ಲುತ್ತಾರೆ? ಹೋಗಿ ತಮ್ಮ ಕುರ್ಚಿಗೆ ಪೂಜೆ ಮಾಡಿದರು. ಚಾರ್ಜ್‌ಮನ್ನಿಗೆ ಕೊಡುವ, ಕೈ ಇರುವ ಮರದ ಕುರ್ಚಿ. ಬೆನ್ನಿಗೆ ಹಾರ, ಕೂರುವ ಕಡೆ ಅರಿಶಿನ ಕುಂಕುಮ, ಎದುರಿಗೆ ಕಾಯಿ.

ಪೂಜೆಯಾದ ಮೇಲೆ ತಿಳಿಯಿತು. ಇನ್ನು ಆ ದಿನ ಅದರ ಮೇಲೆ ಕೂರುವಂತಿಲ್ಲ.

ಬೇರೆಯವರೆಲ್ಲ ಪುರಿ, ಬಾಳೆಹಣ್ಣಿನ ಪೊಟ್ಟಣ ತೆಗೆದುಕೊಂಡು ಅಲ್ಲಲ್ಲೇ ನೆಲದ ಮೇಲೆ ಕೂತು ಹರಟೆ ಹೊಡೆದರು. ಇವರು ಸಂಜೆ ಬೀಗ ಹಾಕುವವರೆಗೆ ಆ ಕುರ್ಚಿಯ ಪಕ್ಕ ನಿಂತಿದ್ದರು. ತಲೆ ಸುತ್ತಿ ನನ್ನ ಹತ್ತಿರ ಬಂದಾಗ ನಾನು ಬಿಪಿ ಪೆಟ್ಟಿಗೆ ತೆರೆಯಲು ಹೋದರೆ, "ಪೂಜೆ ಆಗಿದೆ ಸಿಸ್ಟರ್, ಇವತ್ತು ಮುಟ್ಬೇಡಿ" ಅನ್ನಬೇಕೇ! ಬಾಯಿಗೆ ಬಂದ ಹಾಗೆ ಬೈದು ಬಿಪಿ ನೋಡಿದೆ. ಆವತ್ತಿನಿಂದ ಅವರಿಗೆ ಹಿಂದಿನಿಂದ "ಕುರ್ಚಿ ಪೂಜಾರಿ" ಅಂತ ಹೆಸರು ಬಿತ್ತು. ಯಾರೋ ಶೆಡ್ಡಿನ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದೂ ಇದ್ದರು. ಅದನ್ನು ಒರೆಸಿದವರು ಮರಿಯಪ್ಪ ಅಂತ ಆಮೇಲೆ ಗೊತ್ತಾಯಿತು.

ಚಾರ್ಜ್‌ಮನ್ನರು ಡಿಸ್ಪೆನ್ಸರಿಗೆ ಬರುತ್ತಿದ್ದದ್ದು ಊಟದ ಹೊತ್ತಿನಲ್ಲಿ, ಬೆಂಚು ಖಾಲಿ ಇರುವಾಗ. ನಾನು ಡಬ್ಬಿ ಬಿಚ್ಚಿದ ಕ್ಷಣಕ್ಕೆ ಸರಿಯಾಗಿ ಬಾಗಿಲಲ್ಲಿ ಬಿಳಿ ಅಂಗಿ. ಒಂದು ದಿನ ನನಗೆ ತಡೆಯಲಿಲ್ಲ.

"ಹೋಗಿ ಮರಿಯಪ್ಪನ ಪಕ್ಕ ಕೂತು ಒಂದು ಮುದ್ದೆ ತಿಂದ್ರೆ ನಿಮ್ಮ ಗಂಟೇನ್ರೀ ಹೋಗತ್ತೆ? ಅದ್ಯಾವ ಸೀಮೆ ಮರ್ಯಾದೆ ನಿಮ್ದು?"

ಅವರು ನನ್ನ ಡಬ್ಬಿ ನೋಡಿದರು.

"ನೀವ್ಯಾಕೆ ಸಿಸ್ಟರ್ ಇಲ್ಲಿ ಒಬ್ರೇ ಕೂತು ಊಟ ಮಾಡ್ತೀರ?"

"ಇದು ನನ್ನ ಡ್ಯೂಟಿ. ಯಾರಾದ್ರೂ ಬಂದ್ರೆ?"

"ಊಟದ ಹೊತ್ತಲ್ಲಿ ಯಾರೂ ಬರಲ್ಲ ಸಿಸ್ಟರ್. ನಾನೇ ಬರೋದು."

ಡಬ್ಬಿ ಮುಚ್ಚಿ, ಹೊರಡಿ ಅಂದುಬಿಟ್ಟೆ. ಎಂಥ ಅಧಿಕಪ್ರಸಂಗ! ಆದರೆ ಆ ದಿನದ ಚಪಾತಿಯನ್ನು ಹಾಗೇ ಮನೆಗೆ ವಾಪಸ್ಸು ಒಯ್ದೆ.

ಇನ್ನೊಂದು ವಿಷಯ ನಡೆದಿರದಿದ್ದರೆ ನನಗೆ ಇಷ್ಟು ಸಿಟ್ಟು ಇರುತ್ತಿರಲಿಲ್ಲವೇನೋ. ಒಂದು ಮಧ್ಯಾಹ್ನ ಯಾವುದೋ ಅರ್ಜೆಂಟ್ ಕೆಲಸ, ಅವರ ಹಳೆಯ ಲೇತಿನವನು ರಜೆ. ಇವರೇ ಬಿಳಿ ಅಂಗಿ ಬಿಚ್ಚಿಟ್ಟು ಬನಿಯನ್ನಿನಲ್ಲಿ ನಿಂತು ಲೇತ್ ಓಡಿಸಿದರು. ಸಂಜೆ ಹೆಬ್ಬೆರಳು ಕೊಯ್ದುಕೊಂಡು ಬಂದರು. ನಾನು ಹತ್ತಿ ತರಲು ಒಳಗೆ ಹೋಗಿ ಬರುವಷ್ಟರಲ್ಲಿ ನೋಡಿದರೆ, ಮನುಷ್ಯ ಬೆಂಚಿನ ಮೇಲೆ ಕೂತಿದ್ದಾರೆ! ಪಕ್ಕದವನಿಗೆ ಏನೋ ಹೇಳಿ ಇಬ್ಬರೂ ಬಿದ್ದು ಬಿದ್ದು ನಗುತ್ತಿದ್ದಾರೆ. ಎಲ್ಲಿ ಕೂತಿದ್ದೇನೆ ಅನ್ನುವುದೇ ಮರೆತುಹೋಗಿತ್ತು ಅವರಿಗೆ. ನಾನು ಮಾತಾಡದೆ ಪೆಟ್ಟಿಗೆ ತಂದು ತೋಳಿಗೆ ಪಟ್ಟಿ ಸುತ್ತಿದೆ. ಹೆಚ್ಚು ಕಡಿಮೆ ಸರಿಯಾಗಿತ್ತು ಬಿಪಿ. ಓಡಿಹೋಗಿ ಡಾಕ್ಟ್ರಮ್ಮನಿಗೆ ಹೇಳಿದೆ. ಅವರು ಹೊರಗೆ ಬಂದು ತಾವೇ ಒಂದು ಸಲ ನೋಡಿ, "ಇವರಿಗೆ ಬರೀ ಮಾತ್ರೆ ಸಾಲದು. ಕೂರೋಕೆ ಒಂದು ಜಾಗ ಬೇಕು" ಅಂದರು.

ಮಾರನೆಯ ಬೆಳಿಗ್ಗೆಯೇ ಯೂನಿಯನ್ನಿನ ನಾಲ್ಕು ಜನ ಅವರ ಮೇಜಿನ ಮುಂದೆ. ಚಾರ್ಜ್‌ಮನ್ ಆದವನು ಮೆಷಿನ್ ಮುಟ್ಟಬಾರದು, ಅದು ಕಾರ್ಮಿಕನ ಕೆಲಸ ಕಿತ್ತುಕೊಂಡ ಹಾಗೆ. ನಿಯಮ ಸರಿಯಾದದ್ದೇ, ಬಡವರ ಹೊಟ್ಟೆ ಕಾಯಲು ಮಾಡಿದ್ದು. ಆದರೆ ಆ ವರ್ಷ ಕಮಿಟಿಯಲ್ಲಿದ್ದದ್ದು ಮರಿಯಪ್ಪ, ಹೇಳಬೇಕಾದ ಮಾತು ಅವರ ಪಾಲಿಗೆ ಬಂದಿತ್ತು. "ಸಾರ್, ಇನ್ಮೇಲೆ ಮೆಷಿನ್ ಮುಟ್ಬೇಡಿ" ಅಂದರಂತೆ, ನೆಲ ನೋಡುತ್ತಾ. ಇವರು "ಆಯ್ತು" ಅಂದರಂತೆ. ಮಧ್ಯಾಹ್ನ ನನ್ನ ಬಾಗಿಲಿಗೆ ಬಂದು ನಿಂತಾಗ ಪಾದರಸ ಮತ್ತೆ ಹಳೆಯ ಜಾಗಕ್ಕೇ ಹೋಗಿತ್ತು.

ಡಾಕ್ಟ್ರಮ್ಮ ಬಿಡುವವರಲ್ಲ. ಮ್ಯಾನೇಜರನ್ನು ಕಂಡು ಮಾತಾಡಿ ಒಂದು ದಾರಿ ಹುಡುಕಿದರು. ಹೊಸದಾಗಿ ಕಲಿಯಲು ಬರುವವರಿಗೆ ಲೇತ್ ಹೇಳಿಕೊಡುವ ವಿಭಾಗವಿತ್ತು. ಅಲ್ಲಿ ಹೇಳಿಕೊಡುವವನು ಮೆಷಿನ್ ಮುಟ್ಟಬಹುದು, ಯೂನಿಯನ್ನಿನದೂ ತಕರಾರಿಲ್ಲ. ಸಂಬಳ ಅದೇ, ಚಾರ್ಜ್‌ಮನ್ ಅನ್ನುವ ಹೆಸರೂ ಅದೇ. "ಹೀಗೇ ಮುಂದುವರಿದ್ರೆ ಒಂದು ದಿನ ನಿಂತಲ್ಲೇ ಬೀಳ್ತೀರ. ಬಿದ್ಮೇಲೆ ನಾನೇನೂ ಮಾಡೋಕಾಗಲ್ಲ" ಅಂತ ಡಾಕ್ಟ್ರಮ್ಮ ಅವರ ಮುಖಕ್ಕೇ ಹೇಳಿದರು. ಅವರು ಎಲ್ಲ ಕೇಳಿಸಿಕೊಂಡರು. ಹೊರಗೆ ಬಂದ ಮೇಲೆ ಮೆಲ್ಲಗೆ ನನ್ನನ್ನು ಕೇಳಿದರು.

"ಅಲ್ಲಿ ಇರೋದು ಸ್ಟೂಲ್ ತಾನೇ ಸಿಸ್ಟರ್?"

ನನಗೆ ಮೊದಲು ಅರ್ಥವೇ ಆಗಲಿಲ್ಲ.

"ಕುರ್ಚಿ ಇಲ್ಲ ಅಲ್ವಾ. ಸ್ಟೂಲ್ ಮೇಲೆ ಕೂತಿದ್ರೆ ನೋಡ್ದೋರು ಇಳಿಸಿಬಿಟ್ರು ಅಂತಾರೆ."

ಗೋಡೆಗೆ ತಲೆ ಚಚ್ಚಿಕೊಳ್ಳಬೇಕು ಅನಿಸಿತು. ಆ ಕುರ್ಚಿಯಲ್ಲಿ ಅವರು ನೆಮ್ಮದಿಯಾಗಿ ಬೆನ್ನು ಆನಿಸಿ ಕೂತದ್ದನ್ನು ನಾನು ಒಂದು ದಿನವೂ ಕಂಡವಳಲ್ಲ. ಅದಿಲ್ಲ ಅಂತ ಜೀವ ಉಳಿಸುವ ಕೆಲಸ ಬೇಡವಂತೆ.

ಭಾನುವಾರ ಅವರ ಮನೆಗೇ ಹೋದೆ. ನಮ್ಮ ರಸ್ತೆಯಿಂದ ನಾಲ್ಕು ರಸ್ತೆ ಆಚೆ. ಅವರು ಮನೆಯಲ್ಲಿರಲಿಲ್ಲ, ಹೆಂಡತಿ ಇದ್ದರು. ಕಾಫಿ ಕೊಟ್ಟು ಎದುರಿಗೆ ಕೂತು ನಾನು ಹೇಳಿದ್ದನ್ನೆಲ್ಲ ಕೇಳಿದರು. ಆಕೆಯನ್ನೂ ಬೈದು ಬರಬೇಕು ಅಂತಲೇ ಹೋಗಿದ್ದೆ, ಆಗಲಿಲ್ಲ.

"ನಮ್ಮಪ್ಪ ನಾಯಂಡಹಳ್ಳಿ ಹತ್ರ ಇಟ್ಟಿಗೆ ಗೂಡಲ್ಲಿ ಕೂಲಿ ಮಾಡ್ತಿದ್ರು ಸಿಸ್ಟರ್. ಹಬ್ಬದಲ್ಲಿ ನಮ್ಮಮ್ಮಂಗೆ ಯಾರ ಮನೇಲೂ ಒಳಗೆ ಕರೆದು ಕುಂಕುಮ ಕೊಡ್ತಿರ್ಲಿಲ್ಲ, ಹೊಸಿಲ ಹತ್ರ ನಿಲ್ಸಿ ಕೊಡೋರು. ಈಗ ಈ ಬೀದಿಲಿ ಗೌರಿ ಹಬ್ಬಕ್ಕೆ ಮೊದ್ಲು ನನ್ನನ್ನೇ ಕರೀತಾರೆ. ಒಳಗೆ ಕರೆದು ಕೂರಿಸ್ತಾರೆ. ಚಾರ್ಜ್‌ಮನ್ ಮನೆಯೋರು ಬಂದ್ರು ಅಂತಾರೆ."

ನಾನು ಕಾಫಿ ಲೋಟ ಕೆಳಗಿಟ್ಟೆ.

"ಅದೆಲ್ಲ ಹೋದ್ರೂ ಹೋಗ್ಲಿ ಬಿಡಿ," ಅಂದರು ಆಕೆ, ಸೆರಗಿನಲ್ಲಿ ಕಣ್ಣು ಒರೆಸಿಕೊಂಡು. "ಸ್ಟೂಲೋ ಕುರ್ಚಿಯೋ, ನಂಗೆ ಅವ್ರು ಬೇಕು. ನಾನು ಹೇಳ್ತೀನಿ."

ಹೇಳಿದರು ಕೂಡ. ಎರಡು ದಿನ ಕಳೆದ ಮೇಲೆ ಅವರು ಬಂದು, "ಆಯ್ತು ಸಿಸ್ಟರ್, ಹೋಗ್ತೀನಿ ಆ ಸೆಕ್ಷನ್ನಿಗೆ" ಅಂದರು. ನನಗೆ ಎಷ್ಟು ಹಗುರವಾಯಿತು ಅಂದರೆ, ಡಬ್ಬಿಯಲ್ಲಿದ್ದ ಒಬ್ಬಟ್ಟು ತೆಗೆದು ಅವರ ಕೈಗಿಟ್ಟೆ. ಅವರು ತಿಂದು, ಕೈ ಒರೆಸಿಕೊಂಡು, "ಆದ್ರೆ ಹಬ್ಬ ಕಳೀಲಿ" ಅಂದರು.

"ಯಾವ ಹಬ್ಬ?"

"ಆಯುಧ ಪೂಜೆ. ಈ ಸಲ ಕುರ್ಚಿಗೆ ಪೂಜೆ ಮಾಡ್ದೆ ಹೋದ್ರೆ, ಹೋದ ವರ್ಷ ನಕ್ಕೋರು ಗೆದ್ದಂಗಾಗತ್ತೆ. ಇದೊಂದ್ಸಲ ಮಾಡಿ ಹೋಗ್ತೀನಿ."

ಬೇಡ ಅಂದೆ. ಡಾಕ್ಟ್ರಮ್ಮನೂ ಬೇಡ ಅಂದರು. ಕೇಳುವ ಜೀವವಾದರೆ ತಾನೇ?

ಹಬ್ಬದ ದಿನ ಅವರು ಕುರ್ಚಿಗೆ ಹೋದ ವರ್ಷಕ್ಕಿಂತ ದೊಡ್ಡ ಹಾರ ತಂದರು. ಪೂಜೆ ಮಾಡಿದರು. ಈ ಸಲ ಯಾರೂ ನಗಲಿಲ್ಲ ಅಂತ ಮರಿಯಪ್ಪ ಆಮೇಲೆ ಹೇಳಿದರು. ಬಂದು ಕೂತ್ಕೊಳ್ಳಿ ಅಂತ ಅವರೇ ಎರಡು ಸಲ ಕರೆದರಂತೆ. "ನೀವು ಕೂತ್ಕೊಳ್ಳಿ, ನಾನು ಇಲ್ಲೇ ಇರ್ತೀನಿ" ಅಂದರಂತೆ ಇವರು. ಇಡೀ ದಿನ ಆ ಹೂವಿನ ಹಾರದ ಪಕ್ಕ ನಿಂತಿದ್ದು, ಸಂಜೆ ಬೀಗ ಹಾಕಿ ಬಸ್ಸು ಹತ್ತಿದರು.

ಹಬ್ಬವಾದ್ದರಿಂದ ಬಸ್ಸು ಅರ್ಧ ಖಾಲಿ. ಮುಂದೆಯೂ ಸೀಟಿತ್ತು, ಹಿಂದೆಯೂ ಇತ್ತು. ಅವರು ಕಂಬ ಹಿಡಿದು ನಿಂತಿದ್ದರು. ನಾನು ತಿರುಗಿ ನೋಡಿ, ಕೂರಿ ಅಂತ ಕೈ ಮಾಡಿದೆ. ತಲೆ ಅಲ್ಲಾಡಿಸಿದರು. ಬಸ್ಸು ವಿಜಯನಗರದ ಕಡೆ ತಿರುಗುವಾಗ ದೊಪ್ಪಂತ ಸದ್ದಾಯಿತು. ನಾನು ಹೋಗುವಷ್ಟರಲ್ಲಿ ಮರಿಯಪ್ಪ ಹಿಂದಿನಿಂದ ಓಡಿಬಂದು ಅವರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ನೆಲದಲ್ಲೇ ಕೂತಿದ್ದರು. "ಏಳೋ, ಲೇ, ಏಳೋ" ಅಂತ ಕೂಗುತ್ತಿದ್ದರು. ಸಾರ್ ಗೀರ್ ಎಲ್ಲ ಮರೆತುಹೋಗಿತ್ತು. ಅದು ಅವರಿಗೆ ಕೇಳಿಸಿತೋ ಇಲ್ಲವೋ ನನಗೆ ಗೊತ್ತಿಲ್ಲ. ಬಾಯಿ ಆಗಲೇ ಒಂದು ಕಡೆಗೆ ಎಳೆದುಕೊಂಡಿತ್ತು. ಆಸ್ಪತ್ರೆಯಲ್ಲಿ ಕೆಲವು ದಿನ ಇದ್ದು, ಮಾತು ಬರದೆಯೇ ಹೋದರು.

ಜೀವ ಉಳಿಸಬಹುದಾಗಿತ್ತು. ಇದನ್ನು ನಾನು ಯಾರ ಎದುರು ಬೇಕಾದರೂ ಹೇಳುತ್ತೇನೆ. ಒಂದು ಸೀಟಿನಲ್ಲಿ ಕೂತಿದ್ದರೆ, ಒಂದು ಮಾತ್ರೆಯನ್ನು ಹೊತ್ತಿಗೆ ಸರಿಯಾಗಿ ನುಂಗಿದ್ದರೆ, ಹಬ್ಬಕ್ಕೆ ಮೊದಲೇ ಆ ದರಿದ್ರ ಸ್ಟೂಲಿಗೆ ಹೋಗಿದ್ದರೆ. ನೆನೆದಾಗಲೆಲ್ಲ ಅಳು ಬರುವ ಮೊದಲು ಸಿಟ್ಟೇ ಬರುತ್ತದೆ.

ತಿಥಿಗೆ ಹೋಗಿದ್ದೆ. ಮನೆ ಮುಂದೆ ಶಾಮಿಯಾನ. ಒಳಗೆ ನಡುಮನೆಯಲ್ಲಿ ಅವರ ಫೋಟೋ, ಹಾರ, ದೀಪ. ಫೋಟೋ ಇಟ್ಟದ್ದು ಕೈ ಇರುವ ಒಂದು ಮರದ ಕುರ್ಚಿಯ ಮೇಲೆ. ಕಾರ್ಖಾನೆಯವರೇ ಕಳಿಸಿಕೊಟ್ಟರಂತೆ, ಅವರದೇ ಕುರ್ಚಿ. ಕೂರುವ ಹಲಗೆಯ ಸಂದಿನಲ್ಲಿ ಹಬ್ಬದ ಕುಂಕುಮ ಇನ್ನೂ ಅಂಟಿಕೊಂಡಿತ್ತು. ಅದನ್ನು ನೋಡುತ್ತಾ ಬಹಳ ಹೊತ್ತು ನಿಂತೆ.

ಊಟಕ್ಕೆ ಎದ್ದರು. ಶಾಮಿಯಾನದ ಕೆಳಗೆ ಮೇಜು, ಮಡಿಸುವ ಕುರ್ಚಿ ಹಾಕಿದ್ದರು. ಅಲ್ಲಿ ಮ್ಯಾನೇಜರು, ಸ್ಟಾಫು. ಮಹಡಿಯ ಮೇಲೆ ಜಮಖಾನ ಹಾಸಿ ಎಲೆ ಹಾಕಿದ್ದರು. ಅಲ್ಲಿ ಮರಿಯಪ್ಪ ಮತ್ತು ಕಾರ್ಮಿಕರೆಲ್ಲ. ಹುಳಿಯ ಬಕೆಟ್ಟು ಒಂದೇ, ಮೇಲಕ್ಕೂ ಕೆಳಕ್ಕೂ ಓಡಾಡುತ್ತಿತ್ತು. ಮಗಳ ಮದುವೆ ಊಟ ಹೀಗೇ ಮಾಡಬೇಕು, ಯಾರಿಗೂ ಮುಜುಗರ ಆಗಬಾರದು ಅಂತ ಚಾರ್ಜ್‌ಮನ್ನರು ಹೇಳುತ್ತಿದ್ದರಂತೆ. ಮದುವೆಗೆ ಅಂತ ಹೇಳಿದ್ದನ್ನು ಹೆಂಡತಿ ತಿಥಿಗೆ ನಡೆಸಿಕೊಟ್ಟಿದ್ದರು.

ಊಟದ ಉಸ್ತುವಾರಿ ನೋಡುತ್ತಿದ್ದ ಅವರ ತಮ್ಮ ನನ್ನ ಹತ್ತಿರ ಬಂದು ಕೈಮುಗಿದರು.

"ಊಟಕ್ಕೆ ಬನ್ನಿ ಸಿಸ್ಟರ್. ಇಲ್ಲಿ ಕೂರ್ತೀರಾ, ಮೇಲೆ ಕೂರ್ತೀರಾ?"

ಕುರ್ಚಿಗಳ ಕಡೆ ನೋಡಿದೆ. ಲೆಕ್ಕಪತ್ರದವರು ಕರವಸ್ತ್ರ ಹಾಸಿಕೊಂಡು ಕೂತಿದ್ದರು. ಆ ಸಾಲಿನಲ್ಲಿ ನನ್ನನ್ನು ಯಾರೂ ಯಾವತ್ತೂ ಕರೆದಿರಲಿಲ್ಲ. ಮಹಡಿಯ ಮೆಟ್ಟಿಲ ಕಡೆ ನೋಡಿದೆ. ಮೇಲಿನಿಂದ ಮರಿಯಪ್ಪನ ದನಿ ಕೇಳುತ್ತಿತ್ತು. ನಾನು ಹೋದರೆ ಅವರೆಲ್ಲ ಎಲೆ ಬಿಟ್ಟು ಎದ್ದು ನಿಲ್ಲುತ್ತಾರೆ ಅಂತ ನನಗೆ ಗೊತ್ತಿತ್ತು. ಬಸ್ಸಿನಲ್ಲಿದ್ದ ಹಾಗೆ ಹೆಂಗಸರಿಗೆ ಅಂತ ಬೇರೆ ಸೀಟು ಇಲ್ಲಿರಲಿಲ್ಲ. ಅವರ ತಮ್ಮ ಕೈಮುಗಿದುಕೊಂಡು ಕಾಯುತ್ತಿದ್ದರು.

"ಪರವಾಗಿಲ್ಲ," ಅಂದೆ, "ನಿಂತಿರ್ತೀನಿ."